ಲಾಂದ್ ಪೈನ್ ಕಾಡಿನಲ್ಲಿ ವಾಹನಗಳಿಲ್ಲದ ಸೈಕಲ್ ಪ್ರವಾಸ: ಕರಾವಳಿಯ ದಾರಿಯೋ, ಒಳನಾಡಿನ ದಾರಿಯೋ?

ನಿಧಾನಸವಾರಿ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಫ್ರಾನ್ಸಿನ ನೈಋತ್ಯ ಭಾಗದಲ್ಲಿ, ಬೋರ್ಡೋ ನಗರದಿಂದ ದಕ್ಷಿಣಕ್ಕೂ ಪಶ್ಚಿಮಕ್ಕೂ ಹಬ್ಬಿರುವ ಲಾಂದ್ ಪೈನ್ ಕಾಡಿನೊಳಗೆ ಎಂಟು ದಿನಗಳ ಸೈಕಲ್ ಪ್ರವಾಸ ಮಾಡಬೇಕೆಂದು ನಾನೂ ನನ್ನ ಅಣ್ಣನೂ ಯೋಚಿಸಿದ್ದೇವೆ. ಅಣ್ಣನಿಗೆ 61 ವರ್ಷ, ನನಗೆ 54. ಇಬ್ಬರಿಗೂ ಸೈಕಲ್ ಹೊಸದಲ್ಲ. ಸಾಮಾನು ಹೇರಿಕೊಂಡು ದಿನಕ್ಕೆ 45ರಿಂದ 50 ಕಿ.ಮೀ. ತುಳಿಯುವ ಅಭ್ಯಾಸವಿದೆ. ಆದರೆ ಎರಡು ವರ್ಷಗಳ ಹಿಂದೆ ಹೆದ್ದಾರಿಯ ಅಂಚಿನಲ್ಲಿ ಹೋಗುತ್ತಿದ್ದಾಗ ಲಾರಿಯೊಂದು ಅಣ್ಣನ ಸೈಕಲ್ಲಿಗೆ ಕಟ್ಟಿದ್ದ ಚೀಲವನ್ನು ಸವರಿಕೊಂಡು ಹೋಯಿತು. ಮೈಗೆ ಪೆಟ್ಟಾಗಲಿಲ್ಲ, ಮನಸ್ಸಿಗೆ ಆದದ್ದು ಮಾತ್ರ ಇನ್ನೂ ಮಾಗಿಲ್ಲ. ಹಿಂದಿನಿಂದ ಇಂಜಿನ್ ಸದ್ದು ಕೇಳಿದರೆ ಸಾಕು, ಬ್ರೇಕ್ ಹಿಡಿದು, ಕೆಳಗಿಳಿದು, ಪಕ್ಕಕ್ಕೆ ಸರಿದು ನಿಂತುಬಿಡುತ್ತಾನೆ. "ಮೋಟಾರು ಓಡಾಡದ ದಾರಿ ಇದ್ದರೆ ಹೇಳು, ಬರುತ್ತೇನೆ" ಎನ್ನುವುದು ಅವನ ಒಂದೇ ಷರತ್ತು.

ಹುಡುಕುತ್ತಾ ಹೋದಾಗ ನನ್ನ ಕಣ್ಣಿಗೆ ಬಿದ್ದದ್ದು ವೆಲೋದಿಸೇ ಎಂಬ ಮಾರ್ಗ. ಬ್ರಿಟನಿಯ ರೋಸ್ಕೋಫ್ ಬಂದರಿನಿಂದ ಸ್ಪೇನಿನ ಗಡಿಯ ಆಂದಾಯ್ ಊರಿನವರೆಗೆ ಅಟ್ಲಾಂಟಿಕ್ ಕರಾವಳಿಯಗುಂಟ 1,200 ಕಿ.ಮೀ.ಗಿಂತ ಹೆಚ್ಚು ದೂರ ಸಾಗುವ ಈ ದಾರಿ, ಯೂರೋಪಿನ ದೂರದ ಸೈಕಲ್ ಮಾರ್ಗಗಳಲ್ಲಿ ಒಂದಾದ ಯೂರೋವೆಲೋ 1ರ ಫ್ರೆಂಚ್ ಭಾಗ. ಜಿರೋಂದ್ ಅಳಿವೆ ಕಡಲು ಸೇರುವಲ್ಲಿರುವ ಗ್ರಾವ್ ಭೂಶಿರದಿಂದ ಬಯೋನ್ ನಗರದವರೆಗಿನ ತುಂಡನ್ನು ಮಾತ್ರ ನಾವು ಆರಿಸಿಕೊಳ್ಳಬಹುದು ಎಂದು ನನಗೆ ಅನ್ನಿಸಿತು. ನಕ್ಷೆಯಲ್ಲಿ ಇದು ಬಹುಮಟ್ಟಿಗೆ ಹಸಿರು ಗೆರೆಯಾಗಿಯೇ ಕಾಣುತ್ತದೆ. ಆದರೆ ನಕ್ಷೆಯ ಹಸಿರು ಗೆರೆಗೂ ನೆಲದ ಮೇಲಿನ ವಾಸ್ತವಕ್ಕೂ ಇರುವ ಅಂತರವನ್ನು ಹಿಂದೆ ಬೇರೆ ಕಡೆ ಅನುಭವಿಸಿದ್ದೇನೆ. ಈ ದಾರಿಯಲ್ಲಿ ವಾಹನಗಳ ಜೊತೆ ಹೋಗಬೇಕಾದ ತುಣುಕುಗಳು ಎಲ್ಲಿವೆ, ಅವುಗಳನ್ನು ತಪ್ಪಿಸಲು ಉಪಾಯವಿದೆಯೇ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಅಣ್ಣನ ಪ್ರಶ್ನೆ. ಫೋಟೋಗಳನ್ನು ನೋಡಿದ ಅವನು "ಮೊದಲ ದಿನ ಚೆನ್ನಾಗಿರುತ್ತದೆ, ಮೂರನೆಯ ದಿನಕ್ಕೆ ಅದೇ ಮರ, ಅದೇ ನೆರಳು, ಅದೇ ನೇರ ದಾರಿ ಎಂದು ಬೇಸರವಾಗುವುದಿಲ್ಲವೇ?" ಎನ್ನುತ್ತಾನೆ. ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಇವುಗಳ ಜೊತೆಗೆ ಟಯರಿನ ಅಗಲ, ನೀರಿನ ವ್ಯವಸ್ಥೆ ಮತ್ತು ಹೋಗಬೇಕಾದ ತಿಂಗಳ ಬಗ್ಗೆ ಅಲ್ಲಿ ಸೈಕಲ್ ತುಳಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಮರಳುಗಾಲಿ ಅವರ ಉತ್ತರ

ನಮಸ್ಕಾರ ಮೇಡಂ. ನೀವು ಹೇಳಿದ ತುಂಡಿನಲ್ಲಿ ನಾನು ಎರಡು ಬಾರಿ ಹೋಗಿದ್ದೇನೆ. ಒಮ್ಮೆ ಜೂನ್ ತಿಂಗಳಲ್ಲಿ ಒಬ್ಬನೇ, ಇನ್ನೊಮ್ಮೆ ಸೆಪ್ಟೆಂಬರಿನಲ್ಲಿ ಪತ್ನಿಯೊಂದಿಗೆ.

ನಿಮ್ಮ ಅಣ್ಣನವರ ಷರತ್ತಿನಿಂದಲೇ ಆರಂಭಿಸುತ್ತೇನೆ. ಗ್ರಾವ್ ಭೂಶಿರದಿಂದ ಸುಲಾಕ್, ಮೊಂತಾಲಿವೆ, ಊರ್ತ್ಯಾಂ, ಲಕನೋ ಊರುಗಳನ್ನು ದಾಟಿ ಕಾಪ್ ಫೆರೆವರೆಗಿನ ಭಾಗದಲ್ಲಿ ದಾರಿಯ ಬಹುಪಾಲು ಕಾಡಿನೊಳಗಿನ ಪ್ರತ್ಯೇಕ ಸೈಕಲ್ ದಾರಿಯೇ. ಅಲ್ಲಲ್ಲಿ ವಾಹನಗಳು ಅಪರೂಪವಾದ ಕಿರುರಸ್ತೆಗಳ ತುಣುಕುಗಳು ಬರುತ್ತವೆ, ಊರುಗಳ ಒಳಗೆ ಒಂದೆರಡು ಬೀದಿಗಳು ಬರುತ್ತವೆ. ಕಷ್ಟವಾಗುವುದು ಆರ್ಕಶೋನ್ ಕೊಲ್ಲಿಯ ಸುತ್ತ. ಕೊಲ್ಲಿಯನ್ನು ಸುತ್ತಿಕೊಂಡು ಹೋದರೆ ಸುಮಾರು 80 ಕಿ.ಮೀ.; ಅದರಲ್ಲಿ ಸೈಕಲ್ ದಾರಿ ಬಹಳಷ್ಟಿದ್ದರೂ ಪೂರ್ವ ಮತ್ತು ದಕ್ಷಿಣದ ದಡಗಳಲ್ಲಿ ಊರಿಗೆ ಊರು ಅಂಟಿಕೊಂಡಿರುವುದರಿಂದ ಹೆಜ್ಜೆಗೊಂದು ಅಡ್ಡರಸ್ತೆ ಎದುರಾಗುತ್ತದೆ. ಕಾಪ್ ಫೆರೆಯ ದೋಣಿಕಟ್ಟೆಯಿಂದ ಆರ್ಕಶೋನ್‌ಗೆ ಹೋಗುವ ಪ್ರಯಾಣಿಕರ ದೋಣಿಗಳು ಸೈಕಲ್ಲುಗಳನ್ನೂ ಒಯ್ಯುತ್ತವೆ. ಅರ್ಧ ಗಂಟೆಯ ದೋಣಿಯಾನದಿಂದ ಇಡೀ ಒಂದೂವರೆ ದಿನದ ತಲೆನೋವು ತಪ್ಪುತ್ತದೆ. ನಿಮ್ಮ ಅಣ್ಣನವರ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಎರಡನೆಯ ಯೋಚನೆಗೆ ಅವಕಾಶವೇ ಇಲ್ಲ.

ಆರ್ಕಶೋನ್‌ನಿಂದ ದಕ್ಷಿಣಕ್ಕೆ 100 ಮೀಟರಿಗಿಂತ ಎತ್ತರದ ಪಿಲಾ ಮರಳುದಿಬ್ಬದ ಬುಡದಲ್ಲಿ ಹಾದು ಬಿಸ್ಕರೋಸ್ ಸೇರಬಹುದು. ಬಿಸ್ಕರೋಸ್ ಮತ್ತು ಮಿಮಿಝಾನ್ ನಡುವಿನ ಕರಾವಳಿಯಲ್ಲಿ ಕ್ಷಿಪಣಿ ಪರೀಕ್ಷೆಯ ಸೇನಾ ಕೇಂದ್ರ ಇರುವುದರಿಂದ ಮಾರ್ಗ ಅಲ್ಲಿ ಒಳನಾಡಿಗೆ ತಿರುಗಿ, ಸರೋವರಗಳ ಬದಿಯ ಊರುಗಳನ್ನು ಮುಟ್ಟಿಕೊಂಡು ಮತ್ತೆ ಕಡಲಿನತ್ತ ಬರುತ್ತದೆ. ಮಿಮಿಝಾನ್‌ನಿಂದ ಲೆಯೋನ್ ಮಾರ್ಗವಾಗಿ ದಕ್ಷಿಣಕ್ಕೆ ಹೋಗುವುದು ಸೊಗಸಾದ ಭಾಗ. ಆದರೆ ಓಸ್ಗೋರ್, ಕಾಪ್‌ಬ್ರೆತೋನ್ ಬಂದ ಮೇಲೆ ಬಯೋನ್ ತನಕ ಜನವಸತಿ ದಟ್ಟವಾಗುತ್ತದೆ. ಆ ಕೊನೆಯ ಭಾಗವನ್ನು ನಿಮ್ಮ ಅಣ್ಣನವರು ಒಪ್ಪಲಾರರು ಎಂದೇ ನನ್ನ ಊಹೆ.

ಇನ್ನು ಯಾರೂ ಮುಂಚಿತವಾಗಿ ಹೇಳದ ಸಂಗತಿ. ಗ್ರಾವ್ ಭೂಶಿರದಿಂದ ದಕ್ಷಿಣಕ್ಕಿರುವ ಮೆದೋಕ್ ಕರಾವಳಿಯ ಕಾಡಿನ ಕೆಲವು ಸೈಕಲ್ ದಾರಿಗಳು ಮೂಲತಃ ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಸೇನೆ ಕಡಲತಡಿಯ ಕೋಟೆಗಳಿಗೆ ಸಾಮಾನು ಸಾಗಿಸಲು ಹಾಕಿದ ಕಾಂಕ್ರೀಟ್ ಹಾಸುಗಳು. ಅಲ್ಲಿ ಹಾಸಿಗೂ ಹಾಸಿಗೂ ನಡುವಿನ ಸಂದು ಚಕ್ರಕ್ಕೆ ಬಡಿದು, ಗಂಟೆಗಟ್ಟಲೆ ಟಕ್ ಟಕ್ ಎಂದು ಅಂಗೈಗೂ ಸೊಂಟಕ್ಕೂ ತಾಗುತ್ತದೆ. ಡಾಂಬರು ಹಾಕಿದ ಕಡೆ ಪೈನ್ ಬೇರುಗಳು ನೆಲದ ಮೇಲ್ಪದರದಲ್ಲೇ ಹರಿದು ಡಾಂಬರನ್ನು ಏರಿಸಿ ಉಬ್ಬು ಮಾಡಿರುತ್ತವೆ. ಮರದ ನೆರಳು ಚುಕ್ಕೆ ಚುಕ್ಕೆಯಾಗಿ ಬೀಳುವ ಹೊತ್ತಿನಲ್ಲಿ ಆ ಉಬ್ಬು ಕಣ್ಣಿಗೆ ಕಾಣುವುದಿಲ್ಲ. ನನ್ನ ಪತ್ನಿ ಬಿದ್ದದ್ದು ಹಾಗೆಯೇ. ತಿರುವುಗಳಲ್ಲಿ ಗಾಳಿ ತಂದು ಸುರಿದ ಮರಳು ಇರುತ್ತದೆ, ಅದರ ಮೇಲೆ ಒಣ ಸೂಜಿಯೆಲೆಗಳ ಹೊದಿಕೆಯೂ ಇರುತ್ತದೆ. ಅಲ್ಲಿ ಮುಂದಿನ ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ, ಬಂದ ವೇಗದಲ್ಲೇ ನೇರವಾಗಿ ದಾಟಬೇಕು. ವಾಹನದ ಭಯ ಕಳೆದುಕೊಂಡು ಬಂದವರು ನೆಲದ ಮೇಲಿನ ಗಮನವನ್ನೂ ಕಳೆದುಕೊಳ್ಳುತ್ತಾರೆ. ಈ ಕಾಡಿನಲ್ಲಿ ನಾನು ಕಂಡ ಬೀಳಾಟಗಳೆಲ್ಲ ಹಾಗೆ ಆದವು.

ಆದ್ದರಿಂದ ಟಯರಿನ ವಿಷಯದಲ್ಲಿ ಜಿಪುಣತನ ಬೇಡ. 38ರಿಂದ 42 ಮಿ.ಮೀ. ಅಗಲದ ಟಯರ್ ಹಾಕಿ, ಗಾಳಿಯನ್ನು ಪಟ್ಟಣದಲ್ಲಿ ತುಂಬಿಸುವುದಕ್ಕಿಂತ ಸ್ವಲ್ಪ ಕಡಿಮೆ ಇಡಿ. ಚೈನಿಗೆ ಹೆಚ್ಚು ಎಣ್ಣೆ ಹಾಕಬೇಡಿ. ಜಿಡ್ಡಿನ ಎಣ್ಣೆಗೆ ಮರಳು ಅಂಟಿದರೆ ಅದು ಅರದ ಹಾಗೆ ಹಲ್ಲುಗಳನ್ನು ತಿನ್ನುತ್ತದೆ. ಒಣ ಮಾದರಿಯ ಎಣ್ಣೆಯೂ ಒಂದು ಹಳೆ ಬಟ್ಟೆಯೂ ಸಾಕು, ಪ್ರತಿ ಸಂಜೆ ಎರಡು ನಿಮಿಷ ಒರೆಸಿದರಾಯಿತು. ಗಾಳಿ ಸಾಮಾನ್ಯವಾಗಿ ಪಶ್ಚಿಮ ಮತ್ತು ವಾಯವ್ಯದಿಂದ ಬೀಸುವುದರಿಂದ ಉತ್ತರದಿಂದ ದಕ್ಷಿಣಕ್ಕೆ ಹೋಗುವುದು ಲಾಭ. ಕಾಡಿನೊಳಗೆ ಗಾಳಿಯ ಬಾಧೆ ಅಷ್ಟಾಗಿ ತಿಳಿಯುವುದಿಲ್ಲ, ಮರ ಕಡಿದು ಬಯಲಾದ ಕಡೆ ಮಾತ್ರ ಚೆನ್ನಾಗಿ ತಿಳಿಯುತ್ತದೆ.

ಬೇಸರದ ಪ್ರಶ್ನೆಗೆ ನನ್ನ ಉತ್ತರ ಸಣ್ಣದು: ಬೇಸರವಾಗುತ್ತದೆ. ದಿನಕ್ಕೊಮ್ಮೆ ಕಡಲಿಗೋ ಸರೋವರಕ್ಕೋ ಇಳಿದು ಈಜಿದರೆ ಹೋಗುತ್ತದೆ.

ಕಾಡುದಾರಿ ಅವರ ಉತ್ತರ

ಮರಳುಗಾಲಿಯವರು ದಾರಿಯ ಬಗ್ಗೆ ಹೇಳಿದ್ದೆಲ್ಲ ನನ್ನ ಅನುಭವಕ್ಕೂ ಸರಿಹೊಂದುತ್ತದೆ, ಆದರೆ ಬೇಸರದ ಬಗೆಗಿನ ಅವರ ಮಾತನ್ನು ನಾನು ಒಪ್ಪಲಾರೆ. ಈ ಕಾಡು ಹೇಗೆ ಹುಟ್ಟಿತು ಎಂಬುದನ್ನು ತಿಳಿಯದೆ ಹೋದವರಿಗೆ ಅದು ಕಂಬಗಳ ಸಾಲಿನಂತೆ ಕಾಣುತ್ತದೆ. ತಿಳಿದು ಹೋದವರಿಗೆ ಪ್ರತಿ ಕಿಲೋಮೀಟರೂ ಬೇರೆಯಾಗಿಯೇ ಕಾಣುತ್ತದೆ. ಅಣ್ಣನವರ ಪ್ರಶ್ನೆ ಒಳ್ಳೆಯದು ಎಂಬ ಕಾರಣಕ್ಕೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಸುಮಾರು 10 ಲಕ್ಷ ಹೆಕ್ಟೇರಿನಷ್ಟು ವಿಸ್ತಾರವಾಗಿ ಹಬ್ಬಿರುವ ಈ ಕಾಡಿನ ಬಹುಭಾಗ ಮನುಷ್ಯರು ನೆಟ್ಟದ್ದು. ಇನ್ನೂರು ವರ್ಷಗಳ ಹಿಂದೆ ಇಲ್ಲಿದ್ದದ್ದು ಮಳೆಗಾಲದ ಉದ್ದಕ್ಕೂ ನೀರು ನಿಲ್ಲುತ್ತಿದ್ದ ಬಯಲು. ನೆಲಕ್ಕೆ ಇಳಿಜಾರು ಎಂಬುದೇ ಇರಲಿಲ್ಲ, ಮರಳಿನ ಕೆಳಗೆ ಆಲಿಯೋಸ್ ಎಂದು ಕರೆಯುವ ಕಲ್ಲಿನಂಥ ಗಟ್ಟಿ ಕಂದುಪದರ ಇತ್ತು. ಹೀಗಾಗಿ ನೀರು ಹರಿಯಲೂ ಇಲ್ಲ, ಇಂಗಲೂ ಇಲ್ಲ. ಆ ಜೌಗಿನಲ್ಲಿ ಕುರಿ ಮೇಯಿಸುತ್ತಿದ್ದವರು ಪೊದೆಗಳ ಮೇಲಿಂದ ಹಿಂಡನ್ನು ನೋಡಲೆಂದೂ ಕಾಲು ಒದ್ದೆಯಾಗದಿರಲೆಂದೂ ಮರಗಾಲು ಕಟ್ಟಿಕೊಂಡು ಓಡಾಡುತ್ತಿದ್ದರು. ಈ ವಿದ್ಯೆ ಅವರಲ್ಲಿ ಎಷ್ಟು ಪಳಗಿತ್ತೆಂದರೆ, ಲಾಂದ್‌ನ ಸಿಲ್ವಾಂ ದೋರ್ನೋಂ ಎಂಬಾತ 1891ರಲ್ಲಿ ಪ್ಯಾರಿಸ್‌ನಿಂದ ಮಾಸ್ಕೋವರೆಗೆ ಮರಗಾಲಿನ ಮೇಲೆಯೇ ನಡೆದುಹೋದ. ಸೈಕಲ್ ಪ್ರವಾಸಿಗಳಾದ ನಾವು ದೂರದ ಬಗ್ಗೆ ದೂರುವಾಗ ಆತನನ್ನು ನೆನೆಸಿಕೊಳ್ಳುವುದು ಒಳ್ಳೆಯದು.

ಕರಾವಳಿಯ ಚಲಿಸುವ ಮರಳುದಿಬ್ಬಗಳನ್ನು ಪೈನ್ ಬಿತ್ತಿ ಕಟ್ಟಿಹಾಕುವ ಕೆಲಸ 18ನೆಯ ಶತಮಾನದ ಕೊನೆಯಲ್ಲಿ ಇಂಜಿನಿಯರ್ ಬ್ರೆಮೋಂತಿಯೇಯ ಕಾಲದಲ್ಲಿ ದೊಡ್ಡದಾಗಿ ನಡೆಯಿತು. ಒಳನಾಡಿನ ಸಮತಟ್ಟು ನೆಲದಲ್ಲಿ ಕಾಲುವೆ ತೋಡಿದರೆ ಮರ ಬೆಳೆಯುತ್ತದೆ ಎಂಬುದನ್ನು ಶಾಂಬ್ರಲಾಂ ಎಂಬ ಇನ್ನೊಬ್ಬ ಇಂಜಿನಿಯರ್ 19ನೆಯ ಶತಮಾನದ ನಡುವಿನಲ್ಲಿ ತೋರಿಸಿಕೊಟ್ಟ. ಮೂರನೆಯ ನೆಪೋಲಿಯನ್ನನ ಆಳ್ವಿಕೆಯಲ್ಲಿ, 1857ರ ಜೂನ್ 19ರ ಕಾಯ್ದೆ ತಮ್ಮ ಸಾಮೂಹಿಕ ಹುಲ್ಲುಗಾವಲುಗಳ ನೀರು ಬಸಿದು ಮರ ನೆಡಬೇಕೆಂದು ಊರುಗಳನ್ನು ಕಡ್ಡಾಯಪಡಿಸಿತು. ಅದರೊಂದಿಗೆ ಕುರಿಗಾಹಿಗಳ ಬದುಕು ಕರಗಿಹೋಯಿತು. ದಾರಿಯ ಬದಿಯಲ್ಲಿ ಗೆರೆ ಎಳೆದಂತೆ ನೇರವಾಗಿ ಹೋಗುವ ಕಾಲುವೆ ಕಂಡಾಗ ಇದು ನೆನಪಾಗಬೇಕು. ಅದನ್ನು ಅಲ್ಲಿಯವರು ಕ್ರಾಸ್ತ್ ಎನ್ನುತ್ತಾರೆ. ಅದು ತುಂಬಿದ್ದರೆ ಪಕ್ಕದ ಕಾಡುದಾರಿ ಒದ್ದೆ, ಒಣಗಿದ್ದರೆ ಸಡಿಲ ಮರಳು.

ಮರಗಳಲ್ಲೂ ಓದಲು ಬಹಳವಿದೆ. ಹಳೆಯ ಕಾಂಡಗಳ ಮೇಲೆ ಆಳೆತ್ತರದ ಉದ್ದನೆಯ ಗಾಯದ ಗುರುತು ಕಂಡರೆ, ಅದು ರಾಳ ತೆಗೆಯಲು ತೊಗಟೆ ಕೆತ್ತಿದ ಜಾಗ. ಕಾಂಡಕ್ಕೆ ಮಣ್ಣಿನ ಕುಡಿಕೆ ಸಿಕ್ಕಿಸಿ, ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಗಾಯವನ್ನು ಹೊಸದು ಮಾಡುತ್ತಾ ರಾಳ ಸಂಗ್ರಹಿಸುವ ಈ ಕಸುಬಿಗೆ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಲ್ಲಿನ ಸರಕು ನಿಂತುಹೋದಾಗ, ಚಿನ್ನದ ಬೆಲೆ ಬಂದಿತ್ತು. 1990ರ ಸುಮಾರಿಗೆ ಅದು ನಿಂತೇಹೋಯಿತು. ಈಗ ಮರ ಬೆಳೆಸುವುದು ದಿಮ್ಮಿಗೆ ಮತ್ತು ಕಾಗದದ ತಿರುಳಿಗೆ. 40–50 ವರ್ಷಕ್ಕೊಮ್ಮೆ ಒಂದು ತುಂಡು ಕಾಡನ್ನು ಪೂರ್ತಿ ಕಡಿದು ಮತ್ತೆ ನೆಡುತ್ತಾರೆ. ಆದ್ದರಿಂದ ನೀವು ಹಾದುಹೋಗುವ ಒಂದೊಂದು ಚೌಕವೂ ಒಂದೊಂದು ವಯಸ್ಸಿನದು: ಮೊಣಕಾಲೆತ್ತರದ ಸಸಿ, ತಲೆ ಮುಟ್ಟುವ ಪೊದೆ, ಕೆಳಗಿನ ಕೊಂಬೆ ಉದುರಿಸಿದ ಎಳೆಮರ, ಕೊನೆಗೆ ಕಂಬದಂತೆ ನಿಂತ ಪ್ರಾಯದ ಮರ. 1999ರ ಡಿಸೆಂಬರಿನ ಮಾರ್ಟಿನ್ ಮತ್ತು 2009ರ ಜನವರಿಯ ಕ್ಲೌಸ್ ಬಿರುಗಾಳಿಗಳು ಈ ಕಾಡಿನ ದೊಡ್ಡ ಪಾಲನ್ನು ನೆಲಕ್ಕೆ ಒರಗಿಸಿದವು. ಆ ಬಳಿಕ ನೆಟ್ಟ ಜಾಗಗಳಲ್ಲಿ ಮರಗಳು ಇನ್ನೂ ಚಿಕ್ಕವು. ಕಾಡಿನೊಳಗೆ ಹೋಗುತ್ತೇವೆ, ನೆರಳಿಗೇನು ಕೊರತೆ ಎಂದುಕೊಂಡು ಟೋಪಿ ಬಿಟ್ಟು ಬರುವವರು ಮಧ್ಯಾಹ್ನ ಅಲ್ಲಿ ಬೆಂದುಹೋಗುತ್ತಾರೆ.

ಈ ಎಲ್ಲವೂ ಚೆನ್ನಾಗಿ ಕಾಣುವುದು ಒಳನಾಡಿನಲ್ಲಿ. ಆದ್ದರಿಂದ ನನ್ನ ಸಲಹೆ: ಬಯೋನ್ ಕಡೆಗೆ ಹೋಗುವುದನ್ನು ಬಿಟ್ಟು, ಹಳಿ ಕಿತ್ತ ರೈಲುದಾರಿಗಳನ್ನು ಹಿಡಿಯಿರಿ. ಕೊಲ್ಲಿಯ ಮೂಲೆಯ ಬಿಗಾನೋಸ್ ಬಳಿಯ ಮಿಯೋಸ್ ಊರಿನಿಂದ ಪೂರ್ವದ ಬಝಾಸ್ ಪಟ್ಟಣದವರೆಗೆ 70 ಕಿ.ಮೀ.ಗಿಂತ ಹೆಚ್ಚು ದೂರ ಇಂಥದ್ದೊಂದು ದಾರಿ ಕಾಡಿನ ಹೊಟ್ಟೆಯೊಳಗೆ ಹಾದುಹೋಗುತ್ತದೆ. ರೈಲಿಗಾಗಿ ಮಾಡಿದ ದಾರಿಯಾದ್ದರಿಂದ ಏರೇ ಇಲ್ಲ. ಕರಾವಳಿಯ ದಾರಿಯಲ್ಲಾದರೆ ಹಳೆಯ ಮರಳುದಿಬ್ಬಗಳ ಮೇಲೆ ಗಿಡ್ಡದಾದರೂ ಚುರುಕಾದ ಏರಿಳಿತಗಳಿವೆ. ಹಳೆಯ ನಿಲ್ದಾಣದ ಕಟ್ಟಡಗಳು ಅಲ್ಲಲ್ಲಿ ಇನ್ನೂ ನಿಂತಿವೆ, ನಿಲ್ದಾಣವಿದ್ದ ಕಡೆ ಊರೂ ಇದೆ. ಹಳಿಯ ಎರಡೂ ಬದಿಗೆ ತಾನಾಗಿ ಬೆಳೆದ ಓಕ್ ಮರಗಳ ಸಾಲು ಪೈನ್‌ಗಿಂತ ತಂಪಾದ ನೆರಳು ಕೊಡುತ್ತದೆ. ಓಸ್ತೆನ್ಸ್‌ನಲ್ಲಿ ಹಳೆಯ ಲಿಗ್ನೈಟ್ ಗಣಿಗಳಿಗೆ ನೀರು ತುಂಬಿ ಆದ ಸರೋವರಗಳಿವೆ, ಈಜಬಹುದು. ವಿಲಾಂದ್ರೋದಲ್ಲಿ, ಆ ಊರಿನಲ್ಲೇ ಹುಟ್ಟಿ ಪೋಪ್ ಆದ ಐದನೆಯ ಕ್ಲೆಮೆಂಟ್ 14ನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಕೋಟೆಯ ಪಾಳು ಇದೆ. ಆತನ ಸಮಾಧಿ ಸ್ವಲ್ಪ ಮುಂದಿನ ಉಝೆಸ್ತ್ ಎಂಬ ಹಳ್ಳಿಯ ಚರ್ಚಿನಲ್ಲಿದೆ. ಕಾಡಿನ ನಡುವೆ ಹುಲ್ಲುಬಯಲು, ಅದರಲ್ಲಿ ನಾಲ್ಕಾರು ದೊಡ್ಡ ಓಕ್ ಮರ, ಅವುಗಳ ಕೆಳಗೆ ಮರದ ಚೌಕಟ್ಟಿನ ಮನೆ ಕಂಡರೆ ನಿಂತು ನೋಡಿ. ಆ ಬಗೆಯ ಬಯಲನ್ನು ಏರಿಯಾಲ್ ಎನ್ನುತ್ತಾರೆ. ಪೈನ್ ಬರುವುದಕ್ಕಿಂತ ಮೊದಲಿನ ಲಾಂದ್‌ನಲ್ಲಿ ಉಳಿದಿರುವುದು ಬಹುಶಃ ಅಷ್ಟೇ.

ಎರಡುಚಕ್ರ ಅವರ ಉತ್ತರ

ಕಾಲಮಾನ ಮತ್ತು ಬೆಂಕಿಯ ಬಗ್ಗೆ ಇನ್ನೂ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಇದು ಈ ಕಾಡಿನಲ್ಲಿ ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. 1949ರ ಆಗಸ್ಟಿನಲ್ಲಿ ಇಲ್ಲಿ ಹೊತ್ತಿದ ಬೆಂಕಿ 82 ಜನರನ್ನು ಬಲಿ ತೆಗೆದುಕೊಂಡಿತು. ಈಗ ಕಾಡಿನುದ್ದಕ್ಕೂ ಕಾಣುವ ಅಗಲವಾದ ಮರಳಿನ ದಾರಿಗಳು ಅಗ್ನಿಶಾಮಕ ಗಾಡಿಗಳಿಗಾಗಿ ಬಿಟ್ಟವು. ನಕ್ಷೆಯಲ್ಲಿ ಅವು ಒಳ್ಳೆಯ ಅಡ್ಡದಾರಿಯಂತೆ ಕಂಡರೂ ಸಾಮಾನು ಹೇರಿದ ಸೈಕಲ್ ಅಲ್ಲಿ ಹೂತುಹೋಗುತ್ತದೆ, ಮೂರು ಕಿ.ಮೀ. ಉಳಿಸಲು ಹೋಗಿ ಎರಡು ಗಂಟೆ ಸೈಕಲ್ ತಳ್ಳಿದವನು ನಾನು.

2022ರ ಜುಲೈನಲ್ಲಿ ಲಾ ತೆಸ್ತ್ ಮತ್ತು ಲಾಂದಿರಾಸ್ ಎಂಬ ಎರಡು ಕಡೆ ಎದ್ದ ಬೆಂಕಿಯಲ್ಲಿ ಒಟ್ಟು 20,000 ಹೆಕ್ಟೇರಿಗಿಂತ ಹೆಚ್ಚು ಕಾಡು ಸುಟ್ಟಿತು. ಆಗಸ್ಟಿನಲ್ಲಿ ಲಾಂದಿರಾಸ್ ಬೆಂಕಿ ಮತ್ತೆ ಭುಗಿಲೆದ್ದು ಓಸ್ತೆನ್ಸ್ ಸುತ್ತಮುತ್ತಲೂ ಹರಡಿತು. ಹೀಗಾಗಿ ಪಿಲಾ ದಿಬ್ಬದ ದಕ್ಷಿಣದಲ್ಲಿಯೂ ಓಸ್ತೆನ್ಸ್ ಬಳಿಯ ರೈಲುದಾರಿಯಲ್ಲಿಯೂ ಸುಟ್ಟು ಬಯಲಾದ ಭಾಗಗಳು ಎದುರಾಗುತ್ತವೆ. ಲಾ ತೆಸ್ತ್‌ನಲ್ಲಿ ಹೋದದ್ದು ಬರಿಯ ತೋಟವಲ್ಲ. 1468ರ ಒಪ್ಪಂದದಿಂದ ಬಂದ ಹಕ್ಕಿನ ಪ್ರಕಾರ ಊರಿನವರು ಮನೆಗೆ ಬೇಕಾದ ಮರವನ್ನು ತೆಗೆದುಕೊಳ್ಳಬಹುದಾಗಿದ್ದ, ಸಾಲು ನೆಡುವುದಾಗಲಿ ಸಾರಾಸಗಟಾಗಿ ಕಡಿಯುವುದಾಗಲಿ ನಡೆಯದಿದ್ದ ಹಳೆಯ ಕಾಡು ಅದು. ಕಾಡುದಾರಿಯವರ ಬರಹಕ್ಕೆ ಇಷ್ಟನ್ನು ಸೇರಿಸಬೇಕೆನಿಸಿತು.

ಬೇಸಿಗೆಯಲ್ಲಿ ಬೆಂಕಿಯ ಅಪಾಯದ ಮಟ್ಟ ಏರಿದ ದಿನಗಳಲ್ಲಿ ಪ್ರಿಫೆಕ್ಚರ್ ಎಂಬ ಜಿಲ್ಲಾ ಮಟ್ಟದ ಆಡಳಿತ ಕಾಡಿನೊಳಗಿನ ಓಡಾಟಕ್ಕೇ ನಿರ್ಬಂಧ ಹಾಕುತ್ತದೆ, ಸೈಕಲ್ಲಿಗೂ ಅದರಿಂದ ವಿನಾಯಿತಿ ಇಲ್ಲದಿರಬಹುದು. ಪ್ರತಿ ಸಂಜೆ ಮರುದಿನದ ಮಟ್ಟವನ್ನು ನೋಡಿಕೊಳ್ಳಿ. ಕಾಡಿನಲ್ಲಿಯೂ ಅದರ ಅಂಚಿನಲ್ಲಿಯೂ ಸ್ಟೌ ಹಚ್ಚುವ ಮಾತೇ ಇಲ್ಲ. ಚಹಾ ಬೇಕೆಂದರೆ ಬೆಳಿಗ್ಗೆಯೇ ತಂಗಿದ್ದ ಕಡೆ ಥರ್ಮಸಿಗೆ ತುಂಬಿಸಿಕೊಳ್ಳಿ. ಜುಲೈ–ಆಗಸ್ಟ್‌ನಲ್ಲಿ ಕರಾವಳಿಯ ಸೈಕಲ್ ದಾರಿಗಳು ಬಾಡಿಗೆ ಸೈಕಲ್ಲಿನ ಸಂಸಾರಗಳಿಂದ ತುಂಬಿ ತುಳುಕುತ್ತವೆ ಎಂಬುದೂ ಆ ತಿಂಗಳುಗಳನ್ನು ಬಿಡಲು ಇನ್ನೊಂದು ಕಾರಣ. ಮಾರ್ಚ್–ಏಪ್ರಿಲ್‌ನಲ್ಲಿ ಪೈನ್ ಪರಾಗದ ಹಳದಿ ಪುಡಿ ಕಣ್ಣು, ಮೂಗು, ಚೈನು ಯಾವುದನ್ನೂ ಬಿಡುವುದಿಲ್ಲ. ಅದೇ ಹೊತ್ತಿಗೆ ಮರದಿಂದಿಳಿದು ಒಂದರ ಬಾಲಕ್ಕೆ ಒಂದು ತಲೆ ಕೊಟ್ಟು ದಾರಿ ದಾಟುವ ಕಂಬಳಿಹುಳುಗಳ ಮೆರವಣಿಗೆ ಕಂಡರೆ ದೂರದಿಂದಲೇ ನೋಡಿ ಹೋಗಿ. ಅವುಗಳ ರೋಮ ತಾಗಿದರೆ ಚರ್ಮ ಕೆಂಡವಾಗುತ್ತದೆ. ಅಕ್ಟೋಬರಿನಿಂದ ಕಾಡುಪಾರಿವಾಳದ ಬೇಟೆ ಶುರುವಾಗುತ್ತದೆ. ಹೀಗೆ ಕಳೆಯುತ್ತಾ ಬಂದರೆ ಮೇ ತಿಂಗಳ ನಡುವಿನಿಂದ ಜೂನ್ ಕೊನೆಯವರೆಗೆ, ಇಲ್ಲವೇ ಸೆಪ್ಟೆಂಬರ್ ಉಳಿಯುತ್ತದೆ.

ನೀರಿಗೆ ಒಂದು ಹಳೆಯ ಉಪಾಯವಿದೆ. ಫ್ರಾನ್ಸಿನ ಹಳ್ಳಿಗಳ ಸ್ಮಶಾನಗಳಲ್ಲಿ ಹೂಗಿಡಗಳಿಗೆಂದು ನಲ್ಲಿ ಇರುತ್ತದೆ; ಕುಡಿಯಬಾರದು ಎಂಬ ಫಲಕ ಇಲ್ಲದಿದ್ದರೆ ಸೈಕಲ್ ಸವಾರರು ಅಲ್ಲಿಯೇ ಬಾಟಲಿ ತುಂಬಿಸಿಕೊಳ್ಳುತ್ತಾರೆ. ಒಳನಾಡಿನ ದಾರಿಯಲ್ಲಿ ಊರಿದೆ ಎಂದ ಮಾತ್ರಕ್ಕೆ ತೆರೆದ ಅಂಗಡಿ ಇದೆ ಎಂದುಕೊಳ್ಳಬೇಡಿ. ಮಧ್ಯಾಹ್ನದ ಹೊತ್ತು, ಭಾನುವಾರ ಮಧ್ಯಾಹ್ನದ ನಂತರ, ಅನೇಕ ಕಡೆ ಸೋಮವಾರವಿಡೀ ಬಾಗಿಲು ಹಾಕಿರುತ್ತದೆ. ಒಂದು ಹೊತ್ತಿನ ಊಟ ಯಾವಾಗಲೂ ಚೀಲದಲ್ಲಿರಲಿ.

ನಿಧಾನಸವಾರಿ ಅವರ ಮರುಪ್ರಶ್ನೆ

ಮೂವರಿಗೂ ಧನ್ಯವಾದಗಳು. ಎಲ್ಲವನ್ನೂ ಅಣ್ಣನಿಗೆ ಓದಿ ಹೇಳಿದೆ. ಮರಗಾಲಿನ ಮೇಲೆ ಮಾಸ್ಕೋಗೆ ಹೋದವನ ಸಂಗತಿ ಕೇಳಿದ ಮೇಲೆ ಬೇಸರದ ಮಾತನ್ನು ಅವನು ಹಿಂತೆಗೆದುಕೊಂಡಿದ್ದಾನೆ.

ಬಯೋನ್ ಆಸೆಯನ್ನು ನಾವು ಬಿಟ್ಟಿದ್ದೇವೆ. ಸೆಪ್ಟೆಂಬರಿನಲ್ಲಿ ಬೋರ್ಡೋದಿಂದ ಲಕನೋಗೆ ಹೋಗುವ ಹಳೆಯ ರೈಲುದಾರಿಯಲ್ಲಿ ಹೊರಟು, ಕರಾವಳಿಯ ಕಾಡಿನೊಳಗೆ ಕಾಪ್ ಫೆರೆವರೆಗೆ ಇಳಿದು, ದೋಣಿಯಲ್ಲಿ ಆರ್ಕಶೋನ್ ಸೇರಿ, ಅಲ್ಲಿಂದ ಮಿಯೋಸ್, ಓಸ್ತೆನ್ಸ್, ವಿಲಾಂದ್ರೋ ಮಾರ್ಗವಾಗಿ ಬಝಾಸ್‌ನಲ್ಲಿ ಮುಗಿಸುವುದು ಈಗಿನ ಯೋಚನೆ. ಇದರಲ್ಲಿ ಎರಡು ಕಡೆ ನನಗೆ ಅನುಮಾನ. ಆರ್ಕಶೋನ್‌ನಿಂದ ಮಿಯೋಸ್‌ವರೆಗೆ ದಕ್ಷಿಣದ ದಡದ ಊರುಗಳನ್ನು ದಾಟಬೇಕಲ್ಲವೇ? ಬಝಾಸ್‌ನಲ್ಲಿ ಈಗ ರೈಲು ಇಲ್ಲವೆಂದ ಮೇಲೆ ಹಿಂತಿರುಗುವುದು ಹೇಗೆ? ಕಾಡಿನೊಳಗೆ ರಸ್ತೆ ದಾಟುವ ಜಾಗಗಳು ಹೇಗಿವೆ ಎಂಬುದನ್ನೂ ತಿಳಿಸಿದರೆ ಅಣ್ಣನನ್ನು ಮಾನಸಿಕವಾಗಿ ಸಿದ್ಧಪಡಿಸಬಹುದು.

ಮರಳುಗಾಲಿ ಅವರ ಉತ್ತರ

ಮೇಡಂ, ನಿಮ್ಮ ಯೋಜನೆ ನನ್ನದಕ್ಕಿಂತ ಚೆನ್ನಾಗಿದೆ. ಕಾಡುದಾರಿಯವರ ಮುಂದೆ ನಾನು ಸೋತೆನೆಂದು ಒಪ್ಪಿಕೊಳ್ಳುತ್ತೇನೆ. ಬೋರ್ಡೋ–ಲಕನೋ ದಾರಿ ಸುಮಾರು 60 ಕಿ.ಮೀ. ಇದೆ, ಮೊದಲ ಭಾಗ ನಗರದ ಹೊರವಲಯ. ಅದನ್ನು ಎರಡು ದಿನಕ್ಕೆ ಹಂಚಿಕೊಂಡರೆ ಅಣ್ಣನವರಿಗೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ.

ಆರ್ಕಶೋನ್‌ನ ದೋಣಿಕಟ್ಟೆಯಲ್ಲಿ ಇಳಿದ ಮೇಲೆ ಊರುಗಳನ್ನು ಸೈಕಲ್ಲಿನಲ್ಲಿ ದಾಟುವ ಅಗತ್ಯವಿಲ್ಲ. ಆರ್ಕಶೋನ್ ನಿಲ್ದಾಣದಿಂದ ಬೋರ್ಡೋ ಕಡೆಗೆ ಹೋಗುವ ಪ್ರಾದೇಶಿಕ ರೈಲು ಹತ್ತಿ ಫಾಕ್ತೂರ್–ಬಿಗಾನೋಸ್ ನಿಲ್ದಾಣದಲ್ಲಿ ಇಳಿಯಿರಿ. ಈ ರೈಲುಗಳಲ್ಲಿ ಸೈಕಲ್ ಬಿಚ್ಚದೆಯೇ ಒಯ್ಯಬಹುದು. ಜಾಗ ಕಡಿಮೆಯಾದ್ದರಿಂದ ಕಚೇರಿ ವೇಳೆಯನ್ನು ತಪ್ಪಿಸುವುದು ಮೇಲು. ನಡುವೆ ಲ ತೇಶ್‌ನಲ್ಲಿ ಲೇರ್ ನದಿ ಕೊಲ್ಲಿಗೆ ಸೇರುವ ಜಾಗದ ಪಕ್ಷಿಧಾಮವಿದೆ. ಅರ್ಧ ದಿನ ಮಿಕ್ಕಿದ್ದರೆ ಅಲ್ಲಿಯೇ ಇಳಿದು ನೋಡಿಕೊಂಡು ಮುಂದಿನ ರೈಲು ಹಿಡಿಯಬಹುದು. ಬಿಗಾನೋಸ್‌ನಿಂದ ಮಿಯೋಸ್ ಕಡೆಗೆ ಸೈಕಲ್ ದಾರಿ ಸಿಗುತ್ತದೆ.

ರಸ್ತೆ ದಾಟುವ ಕಡೆಗಳಲ್ಲಿ ಸೈಕಲ್ ದಾರಿಗೆ ಅಡ್ಡಲಾಗಿ ಮರದ ಕಂಬಗಳನ್ನೋ ಕಬ್ಬಿಣದ ತಡೆಗಳನ್ನೋ ನೆಟ್ಟಿರುತ್ತಾರೆ. ಮೋಟಾರು ಒಳಗೆ ಬರಬಾರದು, ಸೈಕಲ್ಲಿನವರು ರಭಸದಿಂದ ರಸ್ತೆಗೆ ನುಗ್ಗಬಾರದು ಎಂಬ ಎರಡೂ ಉದ್ದೇಶ ಅದಕ್ಕಿದೆ. ಕೆಲವು ಕಡೆ ನಡುವಿನ ಜಾಗ ಎಷ್ಟು ಕಿರಿದೆಂದರೆ ಹಿಂದಿನ ಚೀಲಗಳು ಕಂಬಕ್ಕೆ ತಾಗುತ್ತವೆ. ಇಳಿದು, ಸೈಕಲ್ಲನ್ನು ಸ್ವಲ್ಪ ಓರೆ ಮಾಡಿ ದಾಟಿಸಿ. ಅಲ್ಲಿ ಆದ್ಯತೆ ರಸ್ತೆಯ ವಾಹನಗಳದ್ದು, ಸೈಕಲ್ಲಿನವರು ನಿಲ್ಲಲೇಬೇಕು. ಕಾಡಿನೊಳಗಿನ ರಸ್ತೆಗಳು ನೇರವಾಗಿರುವುದರಿಂದ ವಾಹನ ದೂರದಿಂದಲೇ ಕಾಣುತ್ತದೆ, ಆದರೆ ಬರುವ ವೇಗವೂ ಹೆಚ್ಚು. ದಿಮ್ಮಿ ಹೊತ್ತ ಲಾರಿಗಳೂ ಇರುತ್ತವೆ ಎಂಬುದನ್ನು ಅಣ್ಣನವರಿಗೆ ಮೊದಲೇ ಹೇಳಿಬಿಡಿ. ಇಂಜಿನ್ ಸದ್ದಿಗೆ ಇಳಿದು ನಿಲ್ಲುವ ಅವರ ಅಭ್ಯಾಸ ಈ ಜಾಗಗಳಲ್ಲಿ ತಕ್ಕ ಅಭ್ಯಾಸವೇ ಆಗಿದೆ.

ಇನ್ನು ಬಝಾಸ್. ಅಲ್ಲಿಗೆ ಹತ್ತಿರದ ರೈಲು ನಿಲ್ದಾಣ ಲಾಂಗೋಂ, ಸುಮಾರು 15 ಕಿ.ಮೀ. ದೂರ. ಆ 15 ಕಿ.ಮೀ. ಮಾತ್ರ ನೀವು ಬಯಸಿದ ರೀತಿಯದ್ದಲ್ಲ: ಮುಖ್ಯ ರಸ್ತೆಯಲ್ಲಿ ವಾಹನ ಬಹಳ, ಒಳರಸ್ತೆಗಳಲ್ಲಿ ಕಡಿಮೆ ಇದ್ದರೂ ಇಲ್ಲವೆನ್ನಲಾಗದು. ಅಣ್ಣನವರು ಷರತ್ತು ಸಡಿಲಿಸುವುದಿಲ್ಲವೆಂದರೆ ಬಝಾಸ್‌ನಲ್ಲಿ ಒಂದು ರಾತ್ರಿ ತಂಗಿ, ಬಂದ ದಾರಿಯಲ್ಲೇ ಎರಡು ದಿನದಲ್ಲಿ ಬಿಗಾನೋಸ್‌ಗೆ ಹಿಂತಿರುಗಿ ರೈಲು ಹಿಡಿಯಿರಿ. ನಿಮ್ಮ ಎಂಟು ದಿನಗಳ ಲೆಕ್ಕದಲ್ಲಿ ಅದು ಕೂಡುತ್ತದೆ. ಹೋಗುವಾಗ ನೀವು ಬೆಳಗಿನ ಬಿಸಿಲಿಗೆ ಮುಖಮಾಡಿ ಪೂರ್ವಕ್ಕೆ ಹೋಗಿರುತ್ತೀರಿ. ಬರುವಾಗ ಬೆಳಕು ಬೆನ್ನಿಗಿರುವುದರಿಂದ ಹೋಗುವಾಗ ಕಾಣದೆ ಉಳಿದ ಬೇರಿನ ಉಬ್ಬುಗಳೆಲ್ಲ ಕಣ್ಣಿಗೆ ಬೀಳುತ್ತವೆ. ಎದುರುಗಾಳಿ ಮಾತ್ರ ಖಂಡಿತ, ಆದ್ದರಿಂದ ಬೆಳಿಗ್ಗೆ ಬೇಗ ಹೊರಡಿ.

ನಿಧಾನಸವಾರಿ

ಹಿಂತಿರುಗಿ ಬರುವುದೇ ಎಂದು ತೀರ್ಮಾನವಾಯಿತು. ಅಣ್ಣ 40 ಮಿ.ಮೀ. ಟಯರ್ ಹುಡುಕಲು ಶುರುಮಾಡಿದ್ದಾನೆ.